ಹೋಮ್ ನರ್ಸ್ ಖರ್ಚಿನಲ್ಲಿ ನಿಮ್ಮ ಪಾಲೆಷ್ಟು? ಮನೆಯಲ್ಲೇ ಹಿರಿಯರನ್ನು ನೋಡಿಕೊಳ್ಳುವವರಿಗೆ ಒಂದು ಲೆಕ್ಕ

"ಸರ್ಕಾರದಿಂದ ಹೋಮ್ ನರ್ಸ್ ಸಿಗ್ತಾರಾ? ಅವರ ದುಡ್ಡು ಯಾರು ಕೊಡ್ತಾರೆ?" ಮೈಸೂರಿನ ಕುವೆಂಪುನಗರದವರೂ ಇದನ್ನೇ ಕೇಳುತ್ತಾರೆ, ಮದ್ದೂರಿನವರೂ ಇದನ್ನೇ ಕೇಳುತ್ತಾರೆ. ಅಪ್ಪನಿಗೆ ಲಕ್ವ ಹೊಡೆದಿದೆ, ಅಮ್ಮ ಸೊಂಟ ಮುರಿದುಕೊಂಡಿದ್ದಾರೆ, ಆಸ್ಪತ್ರೆಯವರು ನಾಳೆ ಕರೆದುಕೊಂಡು ಹೋಗಿ ಅಂದಿದ್ದಾರೆ. ಆ ಗಾಬರಿಯಲ್ಲೇ ಹೆಚ್ಚಿನವರು ನನಗೆ ಫೋನ್ ಮಾಡುವುದು. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲು ನೇರ ಉತ್ತರ. ಮನೆಗೆ ಬಂದು ನೋಡಿಕೊಳ್ಳುವವರ ಸಂಬಳವನ್ನು ಪೂರ್ತಿ ಕೊಡುವ ಯೋಜನೆ ನಮ್ಮಲ್ಲಿ ಇಲ್ಲ. ಸಹಾಯ ಬರುವುದು ಚೂರು ಚೂರಾಗಿ. ಮಾತ್ರೆ ಒಂದು ಕಡೆಯಿಂದ, ವಾಕರ್ ಇನ್ನೊಂದು ಕಡೆಯಿಂದ, ಪಿಂಚಣಿ ಮತ್ತೊಂದು ಕಚೇರಿಯಿಂದ. ಈ ಚೂರುಗಳನ್ನೆಲ್ಲ ಮೊದಲು ಕೂಡಿಸಿಕೊಂಡು, ಆಮೇಲೆ ಉಳಿದಿದ್ದಕ್ಕೆ ಮಾತ್ರ ಜೇಬಿಗೆ ಕೈ ಹಾಕಬೇಕು. ಬಹಳ ಮನೆಗಳಲ್ಲಿ ಇದು ತಿರುವುಮುರುವಾಗುತ್ತದೆ. ಮೊದಲ ದಿನವೇ ಏಜೆನ್ಸಿಗೆ ಅಡ್ವಾನ್ಸ್ ಕಟ್ಟುತ್ತಾರೆ. ಆರು ತಿಂಗಳಾದ ಮೇಲೆ, ಚಿನ್ನ ಅಡವಿಟ್ಟ ಮೇಲೆ, ನಾಡಕಚೇರಿಗೆ ಹೋಗುತ್ತಾರೆ.

1. ಡಿಸ್ಚಾರ್ಜ್‌ಗೆ ಮೊದಲೇ ಕಾಗದ ಹೊಂದಿಸಿ

ಒಂದು ಪ್ಲಾಸ್ಟಿಕ್ ಫೈಲ್ ತೆಗೆದುಕೊಳ್ಳಿ. ಅದರಲ್ಲಿ ಹಿರಿಯರ ಆಧಾರ್, ರೇಷನ್ ಕಾರ್ಡ್, ವಯಸ್ಸಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಫೋಟೋ ಇರಲಿ. ಪ್ರತಿಯೊಂದಕ್ಕೂ ನಾಲ್ಕು ಜೆರಾಕ್ಸ್ ಮಾಡಿಸಿ.

ಆಸ್ಪತ್ರೆಯಿಂದ ಬರುವಾಗ ಡಿಸ್ಚಾರ್ಜ್ ಸಮರಿ ಕೈಗೆ ತೆಗೆದುಕೊಳ್ಳಿ. ಏನು ಕಾಯಿಲೆ, ಏನು ಚಿಕಿತ್ಸೆ ಕೊಟ್ಟರು, ಮುಂದೇನು ಮಾಡಬೇಕು ಅಂತ ಡಾಕ್ಟರು ಬರೆದುಕೊಡುವ ಕಾಗದ ಇದು. "ಮನೆಯಲ್ಲಿ ನರ್ಸಿಂಗ್ ಆರೈಕೆ ಬೇಕು, ವಾರಕ್ಕೆ ಇಷ್ಟು ಸಲ ಫಿಸಿಯೋಥೆರಪಿ ಬೇಕು" ಎಂದು ಅದರಲ್ಲೇ ಬರೆಸಿ. ಬಾಯಿಮಾತಿನಲ್ಲಿ ಹೇಳಿದ್ದು ಇನ್ಶೂರೆನ್ಸ್‌ನವರ ಮುಂದೆಯೂ ನಡೆಯುವುದಿಲ್ಲ, ತೆರಿಗೆ ಲೆಕ್ಕದಲ್ಲೂ ನಡೆಯುವುದಿಲ್ಲ. ಆ ಒಂದು ಸಾಲು ಬರೆಯಲು ಡಾಕ್ಟರಿಗೆ ಅರ್ಧ ನಿಮಿಷ ಸಾಕು. ಆದರೆ ನೀವು ಕೇಳಬೇಕು.

2. ಆಸ್ಪತ್ರೆ ಕಾರ್ಡಿನಿಂದ ಏನು ಸಿಗುತ್ತೆ, ಏನು ಸಿಗಲ್ಲ

ಇಲ್ಲಿ ಗೊಂದಲ ಜಾಸ್ತಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದ ಶೇ 70 ನಿಮ್ಮ ಪಾಲು. ಪ್ಯಾಕೇಜ್ ದರ ಎಂದರೆ ಒಂದೊಂದು ಚಿಕಿತ್ಸೆಗೆ ಸರ್ಕಾರ ಮೊದಲೇ ಗೊತ್ತು ಮಾಡಿರುವ ಬೆಲೆ, ಆಸ್ಪತ್ರೆಯವರು ಹಾಕಿದ ಬಿಲ್ ಅಲ್ಲ. ಪ್ಯಾಕೇಜ್ 1 ಲಕ್ಷ ಇದ್ದರೆ ಎಪಿಎಲ್‌ನವರಿಗೆ 30,000 ಸಿಗುತ್ತದೆ.

ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್. ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ಯೋಜನೆಯಡಿ ಬರುವ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಬಿಲ್ ಕೌಂಟರ್‌ಗೆ ಹೋಗುವ ಮುಂಚೆ ಅವರ ಹತ್ತಿರ ಹೋಗಿ.

70 ದಾಟಿದವರಿಗೆ ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ವಯ ವಂದನಾ ಕಾರ್ಡ್ ಶುರು ಮಾಡಿತು. ಅದನ್ನು ಹಿಡಿದು ಹೋಗುವ ಮೊದಲು ಆ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಕೇಳಿಕೊಳ್ಳಿ.

ಮುಖ್ಯವಾದ ಮಾತು ಇದು: ಈ ಯಾವ ಕಾರ್ಡೂ ಮನೆಯ ಅಟೆಂಡರ್ ಸಂಬಳ ಕೊಡುವುದಿಲ್ಲ. ಇವೆಲ್ಲ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. "ಕಾರ್ಡ್ ಇದೆಯಲ್ಲ, ಮನೆ ಆರೈಕೆಗೂ ಆಗುತ್ತೆ" ಅಂದುಕೊಂಡು ಕೂತವರನ್ನು ನೋಡಿದ್ದೇನೆ. ಪಾಪ, ಎರಡು ತಿಂಗಳ ಸಾಲ ತಲೆ ಮೇಲೆ ಬಂದಿರುತ್ತದೆ.

ಖಾಸಗಿ ಇನ್ಶೂರೆನ್ಸ್ ಇದ್ದವರು ಪಾಲಿಸಿಯಲ್ಲಿ ಎರಡು ಕಡೆ ನೋಡಿ. ಒಂದು, ಡಿಸ್ಚಾರ್ಜ್ ಆದ ಮೇಲೆ ಎಷ್ಟು ದಿನದ ಮಾತ್ರೆ, ಫಿಸಿಯೋಥೆರಪಿ ಖರ್ಚು ಕೊಡುತ್ತಾರೆ ಅಂತ. ಇನ್ನೊಂದು, "ಡೊಮಿಸಿಲಿಯರಿ" ಚಿಕಿತ್ಸೆ. ಆಸ್ಪತ್ರೆಗೆ ಸೇರಿಸಲೇಬೇಕಾದ ರೋಗಿಯನ್ನು ಕದಲಿಸಲು ಆಗದೆ, ಅಥವಾ ಹಾಸಿಗೆ ಸಿಗದೆ ಮನೆಯಲ್ಲೇ ಚಿಕಿತ್ಸೆ ಕೊಟ್ಟರೆ ಅದು ಡೊಮಿಸಿಲಿಯರಿ. ಸ್ನಾನ ಮಾಡಿಸುವುದು, ಊಟ ಮಾಡಿಸುವುದು ಅದರಲ್ಲಿ ಬರುವುದಿಲ್ಲ.

3. ಪುಕ್ಕಟೆ ಸಿಗುವುದನ್ನು ಮೊದಲು ತೆಗೆದುಕೊಳ್ಳಿ

ನಿಮ್ಮ ಬಡಾವಣೆಯ ಅಥವಾ ಊರಿನ ಆಶಾ ಕಾರ್ಯಕರ್ತೆಗೆ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂದು ತಿಳಿಸಿ. ಬಿಪಿ, ಶುಗರ್ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ರಾಜ್ಯದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ಅದರಲ್ಲಿ ಮನೆಗೇ ಬಂದು ತಪಾಸಣೆ ಮಾಡಿ ಮಾತ್ರೆ ಕೊಡುವ ವ್ಯವಸ್ಥೆ ಇದೆ. ಅಲ್ಲಿ ಸಿಗದ ಮಾತ್ರೆಗೆ ಜನೌಷಧಿ ಅಂಗಡಿ ನೋಡಿ. ಡಾಕ್ಟರ ಹತ್ತಿರ ಕಂಪನಿ ಹೆಸರಿನ ಬದಲು ಔಷಧದ ಮೂಲ ಹೆಸರು ಬರೆಸಿಕೊಂಡರೆ ಅಲ್ಲಿ ಹುಡುಕುವುದು ಸುಲಭ.

ವಾಕರ್, ವೀಲ್‌ಚೇರ್, ಶ್ರವಣ ಸಾಧನಕ್ಕೆ ಎರಡು ದಾರಿ ಇದೆ. 60 ದಾಟಿದ ಬಿಪಿಎಲ್‌ನವರಿಗೆ, ಅಥವಾ ತಿಂಗಳ ಆದಾಯ 15,000 ಮೀರದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಇವು ಉಚಿತ. ಅಲಿಮ್ಕೋ ಎಂಬ ಕೇಂದ್ರ ಸರ್ಕಾರದ ಕಂಪನಿ ಶಿಬಿರ ಮಾಡಿ ಕೊಡುತ್ತದೆ. ಅಂಗವೈಕಲ್ಯ ಇರುವವರಿಗೆ ಎಡಿಐಪಿ ಎಂಬ ಇನ್ನೊಂದು ಯೋಜನೆ ಇದೆ. ಅದರಲ್ಲಿ ಆದಾಯ ನೋಡಿ ಪೂರ್ತಿ ಉಚಿತವೋ, ಅರ್ಧ ಬೆಲೆಯೋ ಎಂದು ತೀರ್ಮಾನಿಸುತ್ತಾರೆ. ಎರಡಕ್ಕೂ ವಿಚಾರಿಸಬೇಕಾದ್ದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ. ಅಲ್ಲಿಯವರೆಗೆ ಓಡಾಡಲು ಆಗದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಯಾರು ಎಂದು ಕೇಳಿ. ಅಂಗವಿಕಲರಿಗೆ ಅರ್ಜಿ, ಕಾಗದದ ಕೆಲಸದಲ್ಲಿ ಸಹಾಯ ಮಾಡಲೆಂದೇ ಇರುವ ಗ್ರಾಮ ಪುನರ್ವಸತಿ ಕಾರ್ಯಕರ್ತರು ಅವರು. ಪಟ್ಟಣದಲ್ಲಿ ಯುಆರ್‌ಡಬ್ಲ್ಯೂ ಇರುತ್ತಾರೆ. ಇಂಥವರು ಇದ್ದಾರೆ ಅನ್ನುವುದೇ ಮುಕ್ಕಾಲು ಪಾಲು ಜನಕ್ಕೆ ಗೊತ್ತಿಲ್ಲ.

ಕ್ಯಾನ್ಸರ್ ಕೊನೆಯ ಹಂತದಲ್ಲಿರುವವರ ಮನೆಯವರು ಉಪಶಾಮಕ ಆರೈಕೆ ಬಗ್ಗೆ ಕೇಳಿಕೊಳ್ಳಿ. ಕಾಯಿಲೆ ವಾಸಿಯಾಗದಿದ್ದರೂ ನೋವು, ಗಾಯ, ಉಸಿರಾಟದ ತೊಂದರೆ ಕಡಿಮೆ ಮಾಡಿ ನೆಮ್ಮದಿ ಕೊಡುವ ಆರೈಕೆ ಅದು. ಮೈಸೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯವರು ಮನೆಗೆ ಬಂದು ಈ ಆರೈಕೆ ಕೊಡುತ್ತಾರೆ.

4. ಕೈಗೆ ಬರುವ ದುಡ್ಡು

ಸಂಧ್ಯಾ ಸುರಕ್ಷಾ: 65 ದಾಟಿದ, ಕಡಿಮೆ ಆದಾಯದ ಹಿರಿಯರಿಗೆ ತಿಂಗಳಿಗೆ 1,200 ರೂಪಾಯಿ. ಅರ್ಜಿ ನಾಡಕಚೇರಿಯಲ್ಲಿ. ಒಬ್ಬರಿಗೆ ಒಂದೇ ಸಾಮಾಜಿಕ ಭದ್ರತಾ ಪಿಂಚಣಿ. ವಿಧವಾ ವೇತನವೋ, ಅಂಗವಿಕಲ ವೇತನವೋ ಬರುತ್ತಿದ್ದರೆ ಇದು ಸಿಗುವುದಿಲ್ಲ. ಯಾವುದು ಜಾಸ್ತಿ ಬರುತ್ತದೆ ಎಂದು ಕೇಳಿ, ಅದನ್ನೇ ಇಟ್ಟುಕೊಳ್ಳಿ.

ಯುಡಿಐಡಿ ಕಾರ್ಡ್: ಇದು ಅಂಗವೈಕಲ್ಯದ ಗುರುತಿನ ಚೀಟಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿ ಶೇಕಡಾ ಎಷ್ಟು ಎಂದು ನಿಗದಿ ಮಾಡುತ್ತಾರೆ. ಶೇ 40 ಇದ್ದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುತ್ತದೆ. ಲಕ್ವ ಹೊಡೆದ ಕೂಡಲೇ ಕಾಯಂ ಪ್ರಮಾಣಪತ್ರ ಕೊಡುವುದಿಲ್ಲ, ಸ್ಥಿತಿ ಒಂದು ಹದಕ್ಕೆ ನಿಲ್ಲುವವರೆಗೆ ಕಾಯುತ್ತಾರೆ. ತಾತ್ಕಾಲಿಕವಾಗಿ ಕೊಟ್ಟರೆ ಅದರ ಮೇಲೆ ಮುಗಿಯುವ ದಿನ ಇರುತ್ತದೆ. ಅದನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ.

ಆರೈಕೆ ಮಾಡುವವರ ಭತ್ಯೆ: ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ 2024–25ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾಯಿತು. ಲಕ್ವ ಈ ಪಟ್ಟಿಯಲ್ಲಿ ಇಲ್ಲ. ಪಾರ್ಕಿನ್ಸನ್ ಇದ್ದವರ ಮನೆಯವರು ಇದನ್ನು ಖಂಡಿತ ಬಿಡಬೇಡಿ.

ಇಲ್ಲಿ ಎಡವುವುದು ಎಲ್ಲಿ ಗೊತ್ತಾ? ಆಧಾರ್‌ನಲ್ಲಿ "ಪುಟ್ಟಮ್ಮ", ಪಾಸ್‌ಬುಕ್‌ನಲ್ಲಿ "ಪುಟ್ಟತಾಯಮ್ಮ" ಎಂದಿದ್ದರೆ ಅರ್ಜಿ ಅಲ್ಲೇ ನಿಂತುಬಿಡುತ್ತದೆ. ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ವಯಸ್ಸಾದವರ ಹೆಬ್ಬೆರಳ ಗೆರೆ ಸವೆದುಹೋಗಿ ಯಂತ್ರ ಒಪ್ಪುವುದೇ ಇಲ್ಲ. ಅವರು ನಡೆದಾಡುತ್ತಿರುವಾಗಲೇ ಒಂದು ಸಲ ಕರೆದುಕೊಂಡು ಹೋಗಿ ಆಧಾರ್ ಹೊಸದು ಮಾಡಿಸಿ. ಹಾಸಿಗೆ ಹಿಡಿದ ಮೇಲೆ ಆಟೋದಲ್ಲಿ ಎತ್ತಿಕೊಂಡು ಹೋಗುವ ಕಷ್ಟ ಯಾರಿಗೂ ಬೇಡ.

5. ಎಂಥ ಆಳು ಬೇಕು ಅಂತ ಮೊದಲು ತೀರ್ಮಾನಿಸಿ

ಖರ್ಚು ಇಳಿಯುವುದೂ ಇಲ್ಲೇ, ಏರುವುದೂ ಇಲ್ಲೇ. ಸಮಾಧಾನವಾಗಿ ಓದಿ.

"ಹೋಮ್ ನರ್ಸ್" ಅಂತ ನಾವು ಎಲ್ಲರನ್ನೂ ಕರೆಯುತ್ತೇವೆ. ಆದರೆ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಅಥವಾ ಬಿ.ಎಸ್ಸಿ. ನರ್ಸಿಂಗ್ ಮಾಡಿ ನೋಂದಣಿ ಆದವರು ನಿಜವಾದ ನರ್ಸ್. ಇಂಜೆಕ್ಷನ್, ಮೂತ್ರದ ಕ್ಯಾತಿಟರ್ ಬದಲಿಸುವುದು, ಮೂಗಿನಿಂದ ಹೊಟ್ಟೆಗೆ ಹೋಗುವ ರೈಲ್ಸ್ ಟ್ಯೂಬ್ ಹಾಕುವುದು, ಆಳವಾದ ಗಾಯದ ಡ್ರೆಸ್ಸಿಂಗ್, ಇವು ಅವರ ಕೆಲಸ. ಸ್ನಾನ, ಊಟ, ಡಯಾಪರ್ ಬದಲಿಸುವುದು, ಮಗ್ಗುಲು ತಿರುಗಿಸುವುದು ಅಟೆಂಡರ್ ಅಥವಾ ಆಯಾ ಮಾಡುವ ಕೆಲಸ. ಇಬ್ಬರ ದರವೂ ಬೇರೆ.

ಹೆಚ್ಚಿನ ಮನೆಗೆ ದಿನವಿಡೀ ನರ್ಸ್ ಬೇಕಿಲ್ಲ. ದಿನಕ್ಕೆ ಅಟೆಂಡರ್, ವಾರಕ್ಕೊಮ್ಮೆ ಬಂದು ಹೋಗುವ ನರ್ಸ್ ಸಾಕು. ಡಿಸ್ಚಾರ್ಜ್ ದಿನ ವಾರ್ಡಿನ ಸಿಸ್ಟರ್ ಹತ್ತಿರ ಕೇಳಿ: "ಇದರಲ್ಲಿ ನಾವೇ ಮಾಡಬಹುದಾದ್ದು ಯಾವುದು, ನರ್ಸೇ ಮಾಡಬೇಕಾದ್ದು ಯಾವುದು?" ಅವರು ಹೇಳಿದ್ದನ್ನು ಎರಡು ಸಾಲಾಗಿ ಬರೆದುಕೊಳ್ಳಿ. ನಮ್ಮಮ್ಮ ಬಿದ್ದಾಗ ಒಬ್ಬ ಸಿಸ್ಟರ್ ನನ್ನ ಕೈ ಹಿಡಿದು, ಬೆಡ್‌ಶೀಟ್ ಎಳೆದುಕೊಂಡೇ ಅಮ್ಮನನ್ನು ಮಗ್ಗುಲು ತಿರುಗಿಸುವುದು ಹೇಗೆ ಅಂತ ತೋರಿಸಿದರು. ಬೆನ್ನಿನ ಹಿಂದೆ ಒಂದು ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು. ಎರಡು ಗಂಟೆಗೊಮ್ಮೆ ಹೀಗೆ ತಿರುಗಿಸುತ್ತಿದ್ದರೆ ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣು, ಬರುವುದು ತೀರ ಕಡಿಮೆ. ಒಂದು ಸಲ ಆ ಹುಣ್ಣು ಆಯಿತೆಂದರೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಖರ್ಚು, ಅದಕ್ಕಿಂತ ಹೆಚ್ಚಾಗಿ ಅವರ ನೋವು.

ಫಿಸಿಯೋಥೆರಪಿಗೂ ಇದೇ ಮಾತು. ಮೊದಲ ಕೆಲವು ವಾರ ಫಿಸಿಯೋದವರು ಬರಲಿ. ಅವರು ಮಾಡಿಸುವುದನ್ನು ಫೋನ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ, ಅವರ ಎದುರಿಗೇ ನೀವು ಮಾಡಿ ತೋರಿಸಿ. ಸರಿ ಅಂದ ಮೇಲೆ ಭೇಟಿ ಕಡಿಮೆ ಮಾಡಬಹುದು. ಆದರೆ ದುಡ್ಡು ಉಳಿಸಲು ವ್ಯಾಯಾಮವನ್ನೇ ನಿಲ್ಲಿಸಬೇಡಿ.

6. ಏಜೆನ್ಸಿ ಜೊತೆ ಮಾತು: ಎಲ್ಲ ಬರವಣಿಗೆಯಲ್ಲಿ

ಅಡ್ವಾನ್ಸ್ ಕೊಡುವ ಮೊದಲು ಈ ಪ್ರಶ್ನೆಗಳಿಗೆ ಉತ್ತರ ಕಾಗದದಲ್ಲಿ ಇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿದರೂ ಆಗಬಹುದು.

- ನೋಂದಣಿ ಶುಲ್ಕ ಎಷ್ಟು, ಡೆಪಾಸಿಟ್ ಎಷ್ಟು? ಯಾವುದು ವಾಪಸ್ ಬರುತ್ತದೆ, ಎಷ್ಟು ದಿನದಲ್ಲಿ?
- 12 ಗಂಟೆಯೋ, 24 ಗಂಟೆಯೋ? 24 ಗಂಟೆ ಎಂದರೆ ಅವರ ನಿದ್ದೆ, ಊಟ, ವಿಶ್ರಾಂತಿ ಯಾವಾಗ?
- ಜಿಎಸ್‌ಟಿ ದರದೊಳಗೇ ಇದೆಯೋ, ಮೇಲೆ ಹಾಕುತ್ತಾರೋ?
- ರಜೆ ಹಾಕಿದರೆ ಬದಲಿ ಯಾರು? ಬದಲಿ ಕಳಿಸದಿದ್ದರೆ ದಿನಕ್ಕೆ ಎಷ್ಟು ಕಡಿತ?
- ಹಿರಿಯರು ಮತ್ತೆ ಆಸ್ಪತ್ರೆಗೆ ಸೇರಿದರೆ ಆ ದಿನಗಳ ಲೆಕ್ಕ ಹೇಗೆ?
- ಅವರ ಆಧಾರ್ ನಕಲು, ಪೊಲೀಸ್ ಪರಿಶೀಲನೆ ಆಗಿದೆಯಾ?

ಕಡಿತದ ಲೆಕ್ಕ ಸಣ್ಣದು ಅನಿಸಬಹುದು. ಒಂದು ಮಾತಿಗೆ ತಿಂಗಳಿಗೆ 18,000 ಅಂತ ಇಟ್ಟುಕೊಳ್ಳಿ. 30 ದಿನಕ್ಕೆ ಭಾಗಿಸಿದರೆ ದಿನಕ್ಕೆ 600. ಯುಗಾದಿಗೆ ಊರಿಗೆ ಹೋಗಿ ನಾಲ್ಕು ದಿನ ಬರಲಿಲ್ಲ, ಬದಲಿಯೂ ಬರಲಿಲ್ಲ ಎಂದರೆ 2,400 ಕಡಿತವಾಗಬೇಕು. ಮೊದಲೇ ಬರೆದುಕೊಳ್ಳದಿದ್ದರೆ ಪೂರ್ತಿ 18,000 ಕೇಳುತ್ತಾರೆ. ನಮ್ಮನೆಯಲ್ಲಿ ಹಾಗೇ ಆಯಿತು. ಡೆಪಾಸಿಟ್ ಕೂಡ ಬರಲಿಲ್ಲ, ಏಕೆಂದರೆ ರಸೀದಿಯಲ್ಲಿ ಡೆಪಾಸಿಟ್ ಎಂಬ ಪದವೇ ಇರಲಿಲ್ಲ.

ದುಡ್ಡನ್ನು ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಒಂದು ನೋಟ್‌ಬುಕ್‌ಗೆ ದಾರ ಕಟ್ಟಿ ಹಾಸಿಗೆ ಪಕ್ಕದ ಮೊಳೆಗೆ ನೇತುಹಾಕಿ. ಬಂದ ಹೊತ್ತು, ಹೋದ ಹೊತ್ತು, ಮಾತ್ರೆ ಕೊಟ್ಟ ಹೊತ್ತು ಅದರಲ್ಲಿ ಬರೆಯಲಿ. ತಿಂಗಳ ಕೊನೆಗೆ ಜಗಳ ಇರುವುದಿಲ್ಲ, ಡಾಕ್ಟರು ಕೇಳಿದಾಗಲೂ ಉತ್ತರ ಇರುತ್ತದೆ.

ಇನ್ನೊಂದು ಮಾತು. ಬರುವವರೂ ಯಾರದೋ ಮನೆಯ ಹೆಣ್ಣುಮಗಳು. ಹೊತ್ತಿಗೆ ಸರಿಯಾಗಿ ಊಟ ಕೊಡಿ, ಮಲಗಲು ಜಾಗ ಕೊಡಿ. ಏಜೆನ್ಸಿ ಅವರ ಕೈಗೆ ಎಷ್ಟು ಕೊಡುತ್ತದೆ ಎಂದು ಒಮ್ಮೆ ಕೇಳಿ ತಿಳಿದುಕೊಳ್ಳಿ.

7. ಕಣ್ಣಿಗೆ ಕಾಣದ ಖರ್ಚು

ಕರೆಂಟ್. ಆಕ್ಸಿಜನ್ ಕಾನ್ಸಂಟ್ರೇಟರ್ ಎಂದರೆ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ. 350 ವ್ಯಾಟ್‌ನ ಯಂತ್ರ ದಿನವಿಡೀ ಓಡಿದರೆ ದಿನಕ್ಕೆ ಸುಮಾರು 8.4 ಯೂನಿಟ್, ತಿಂಗಳಿಗೆ 252 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿ ಇದೊಂದರಲ್ಲೇ ದಾಟುತ್ತದೆ, ದಾಟಿದ ತಿಂಗಳು ಸೆಸ್ಕ್‌ನವರಿಗೆ ಪೂರ್ತಿ ಬಿಲ್ ಕಟ್ಟಬೇಕು. ಡಾಕ್ಟರು ದಿನಕ್ಕೆ ಎಷ್ಟು ಗಂಟೆ ಅಂದಿದ್ದಾರೋ ಅಷ್ಟು ಹಾಕಲೇಬೇಕು, ಅದರಲ್ಲಿ ಉಳಿತಾಯ ಬೇಡ. ಬಿಲ್ ಬರುತ್ತದೆ ಎಂಬುದು ಮೊದಲೇ ಗೊತ್ತಿರಲಿ, ಅಷ್ಟೇ.

ಬಾಡಿಗೆ. ಆಸ್ಪತ್ರೆ ಮಾದರಿಯ ಮಂಚಕ್ಕೆ ತಿಂಗಳಿಗೆ 2,000 ಬಾಡಿಗೆ, ಹಳೆಯದು ಕೊಂಡರೆ 14,000 ಎಂದಿದ್ದರೆ ಏಳು ತಿಂಗಳಿಗೆ ಸಮ. ಎಷ್ಟು ದಿನ ಬೇಕಾಗಬಹುದು ಎಂದು ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ.

8. ಅಣ್ಣ ತಮ್ಮ, ಅಕ್ಕ ತಂಗಿ: ಪಾಲು ಹಂಚುವುದು

ಈಗ ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ. ಕೆಳಗಿನ ಅಂಕಿ ಬರೀ ಉದಾಹರಣೆಗೆ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ.

ಅಟೆಂಡರ್ 18,000. ನರ್ಸ್ ನಾಲ್ಕು ಭೇಟಿ 2,000. ಫಿಸಿಯೋ ಎಂಟು ಭೇಟಿ 3,200. ಡಯಾಪರ್ 3,000. ಮಾತ್ರೆ 2,500. ಮಂಚದ ಬಾಡಿಗೆ 2,000. ಅಟೆಂಡರ್ ಊಟ ಮತ್ತು ಇತರೆ 1,500. ಒಟ್ಟು 32,200.

ಈಗ ಕಳೆಯುತ್ತಾ ಬನ್ನಿ. ಸರ್ಕಾರಿ ಕೇಂದ್ರ, ಜನೌಷಧಿಯಿಂದ ಮಾತ್ರೆ ಖರ್ಚು 800ಕ್ಕೆ ಇಳಿದರೆ 1,700 ಉಳಿತಾಯ. ಫಿಸಿಯೋ ನಾಲ್ಕು ಭೇಟಿಗೆ ಇಳಿದರೆ 1,600. ಪಿಂಚಣಿ 1,200. ಒಟ್ಟು 4,500 ಹೋದರೆ ನಿಮ್ಮ ಪಾಲು 27,700.

ಮೂರು ಮಕ್ಕಳಿದ್ದರೆ ಮೂರರಿಂದ ಭಾಗಿಸಿಬಿಡುತ್ತಾರೆ. ನನಗೆ ಅದು ನ್ಯಾಯ ಅನಿಸುವುದಿಲ್ಲ. ಅಮ್ಮನನ್ನು ತನ್ನ ಮನೆಯಲ್ಲಿ ಇಟ್ಟುಕೊಂಡು ರಾತ್ರಿ ಮೂರು ಸಲ ಏಳುವ ಮಗಳಾಗಲಿ, ಸೊಸೆಯಾಗಲಿ, ಆಗಲೇ ತನ್ನ ಪಾಲು ಕೊಟ್ಟಾಗಿದೆ. ರಾತ್ರಿಗೆ ಇನ್ನೊಬ್ಬ ಅಟೆಂಡರ್ ಇಟ್ಟಿದ್ದರೆ ಎಷ್ಟಾಗುತ್ತಿತ್ತೋ ಅದನ್ನು ಅವರ ಹೆಸರಿನ ಮುಂದೆ ಜಮಾ ಬರೆಯಿರಿ. ಉಳಿದಿದ್ದನ್ನು ಬೇರೆಯವರು ಅವರವರ ದುಡಿಮೆ ನೋಡಿ ಹಂಚಿಕೊಳ್ಳಲಿ. ಬೆಂಗಳೂರಿನಲ್ಲಿರುವ ಅಣ್ಣ ತಿಂಗಳ 5ನೇ ತಾರೀಕಿನೊಳಗೆ ಹಾಕಬೇಕು ಎಂದು ದಿನವನ್ನೂ ಗೊತ್ತು ಮಾಡಿ. ತಿಂಗಳಿಗೊಂದು ಭಾನುವಾರ ಬಂದು ನೋಡಿಕೊಂಡರೆ ಇನ್ನೂ ಒಳ್ಳೆಯದು. ಮನೆಯಲ್ಲಿರುವವರಿಗೂ ಒಂದು ದಿನ ನಿದ್ದೆ ಬೇಕಲ್ವಾ?

ಮಕ್ಕಳು ಕೈಬಿಟ್ಟರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ, ಅಂದರೆ ಎಸಿಯವರ ಮುಂದೆ ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಆದೇಶಿಸುವ ಅಧಿಕಾರ ಅವರಿಗಿದೆ. ಮೈಸೂರು ಜಿಲ್ಲೆಯಲ್ಲಿ ಮೈಸೂರು, ಹುಣಸೂರು, ಮಂಡ್ಯ ಜಿಲ್ಲೆಯಲ್ಲಿ ಮಂಡ್ಯ, ಪಾಂಡವಪುರ ಉಪವಿಭಾಗಗಳಿವೆ. ಹಿರಿಯರು ಮನೆ, ಗದ್ದೆ ದಾನಪತ್ರ ಮಾಡಿಕೊಡುವಾಗ "ನನ್ನನ್ನು ಕೊನೆವರೆಗೆ ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಲಿ. ಆಗ ನೋಡಿಕೊಳ್ಳದಿದ್ದರೆ ಅದೇ ಕಾಯ್ದೆಯ 23ನೇ ಕಲಂನಲ್ಲಿ ದಾನಪತ್ರ ರದ್ದು ಮಾಡಿಸಲು ದಾರಿ ಇದೆ.

9. ತೆರಿಗೆ ಕಟ್ಟುವವರಿಗೆ

ಇದು ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. 60 ದಾಟಿದ ತಂದೆ ತಾಯಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ ಅವರ ವೈದ್ಯಕೀಯ ಖರ್ಚಿನಲ್ಲಿ 50,000ದವರೆಗೆ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಂನಲ್ಲಿ ವಿನಾಯಿತಿ. ನಗದು ಕೊಟ್ಟಿದ್ದು ಲೆಕ್ಕಕ್ಕಿಲ್ಲ. ಯುಪಿಐ ಅಂತ ಮೇಲೆ ಹೇಳಿದ್ದು ಇದಕ್ಕೂ ಸೇರಿ. ನಿಮ್ಮನ್ನೇ ನಂಬಿರುವ ತಂದೆ ತಾಯಿಗೆ ಶೇ 40 ಅಂಗವೈಕಲ್ಯದ ಪ್ರಮಾಣಪತ್ರ ಇದ್ದರೆ 80ಡಿಡಿಯಲ್ಲಿ 75,000, ಶೇ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000. ಪಾರ್ಕಿನ್ಸನ್, ಮರೆವಿನ ಕಾಯಿಲೆ, ಕ್ಯಾನ್ಸರ್‌ನಂಥವಕ್ಕೆ 80ಡಿಡಿಬಿಯಲ್ಲಿ ಹಿರಿಯರಿಗಾದರೆ 1 ಲಕ್ಷದವರೆಗೆ, ತಜ್ಞ ವೈದ್ಯರ ಚೀಟಿ ಬೇಕು. ಇವು 1961ರ ಕಾಯ್ದೆಯ ಕಲಂಗಳು. ಹೊಸ ಕಾಯ್ದೆಯಲ್ಲಿ ಸಂಖ್ಯೆ ಬೇರೆ, ನಿಮ್ಮ ಆಡಿಟರ್‌ಗೆ ಹಳೆಯ ಸಂಖ್ಯೆ ಹೇಳಿದರೂ ಗೊತ್ತಾಗುತ್ತದೆ.

10. ಮೂರು ತಿಂಗಳಿಗೊಮ್ಮೆ ಮತ್ತೆ ನೋಡಿ

ಲಕ್ವ ಹೊಡೆದವರು ಸುಧಾರಿಸಿಕೊಂಡು ಗೋಡೆ ಹಿಡಿದು ನಡೆಯಲು ಶುರು ಮಾಡಿರುತ್ತಾರೆ, ಮನೆಯವರು ಇನ್ನೂ 24 ಗಂಟೆಯ ಆಳಿಗೆ ದುಡ್ಡು ಕಟ್ಟುತ್ತಿರುತ್ತಾರೆ. ಕೆಲವು ಕಡೆ ಉಲ್ಟಾ. ಮರೆವು ಹೆಚ್ಚಾಗಿ ರಾತ್ರಿ ಬಾಗಿಲು ತೆಗೆದು ಹೊರಟುಬಿಡುತ್ತಾರೆ, ಆದರೆ ಹಗಲಿಗೆ ಮಾತ್ರ ಆಳು ಇರುತ್ತದೆ. ಹಾಗಾಗಿ ಮೂರು ತಿಂಗಳಿಗೊಮ್ಮೆ ಆ ನೋಟ್‌ಬುಕ್ ಬಿಚ್ಚಿ, ಯಾವ ಹೊತ್ತಿನಲ್ಲಿ ನಿಜಕ್ಕೂ ಜನ ಬೇಕಾಯಿತು ಎಂದು ನೋಡಿ. ಹಿರಿಯರನ್ನೂ ಕೇಳಿ, ಅವರಿಗೆ ಆ ಅಟೆಂಡರ್ ಹೊಂದಿಕೊಂಡಿದ್ದಾರಾ ಅಂತ. ಅಟೆಂಡರ್ ಎದುರಿಗೆ ಕೇಳಬೇಡಿ.

ಎಲ್ಲಿ ವಿಚಾರಿಸಬೇಕು ಎಂದೇ ಗೊತ್ತಾಗದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ, ಕರೆ ಉಚಿತ. ಫೋನ್ ಮಾಡುವಾಗ ಆ ಪ್ಲಾಸ್ಟಿಕ್ ಫೈಲ್ ತೊಡೆ ಮೇಲೆ ಇಟ್ಟುಕೊಳ್ಳಿ.